ಅವ್ವ ಕೇಳಿದ್ದಳು

ನವೆಂಬರ್ ತಿಂಗಳು ಅಗಲಿದ ಆತ್ಮಗಳ ಸ್ಮರಣೆಗೆ ಮೀಸಲಾದ ತಿಂಗಳು. ಎರಡನೆಯ ತಾರೀಖಿನಂದು ನಾವೆಲ್ಲರೂ ಸಮಾಧಿಗಳ ಮೇಲಿನ ಕಸ ಕಿತ್ತು, ಸುಣ್ಣ ಬಳಿದು, ಮೇಣದ ಬತ್ತಿ ಹಚ್ಚಿ, ಹೂವು ಏರಿಸಿ ಬಂದಿದ್ದೇವೆ. ಗುರುಗಳು ಪವಿತ್ರ ಜಲವನ್ನು ಪ್ರೋಕ್ಷಿಸಿ ಮುಂದೆ ಸಾಗುವಾಗ ಹೆಚ್ಚಿನ ಸಮಾಧಿಗಳ ಬಳಿ ಕೇಳಿಬರುವ ಶಬ್ದ ಒಂದೇ: ‘ಅವ್ವ’. ತಂದೆಯನ್ನು ನೆನೆದು ಕೈಮುಗಿಯುವವರು ತಾಯಿಯನ್ನು ನೆನೆದು ಅಳುತ್ತಾರೆ. ಈ ಕಣ್ಣೀರು ಸುಳ್ಳಲ್ಲ. ಆದರೆ ಅದು ಪೂರ್ಣ ಸತ್ಯವೂ ಅಲ್ಲವೆಂಬುದನ್ನು ನನಗೆ ಒಬ್ಬ ಮಗಳು ಕಲಿಸಿದಳು. ಈ ವಾರ ಅದನ್ನು ಓದುಗರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಘಟಪ್ರಭೆಯ ದಂಡೆಯ ಮಸಗುಪ್ಪಿಯ ಕಡೆಯಲ್ಲಿ ನಮ್ಮ ಮನೆಗಳು ಎಣಿಕೆಗೆ ಸಿಗುವಷ್ಟು ಮಾತ್ರ. ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1953ರಲ್ಲಿ. ಇಂಥ ಕಡೆಗಳಲ್ಲಿ ಕಬ್ಬು, ಗೋವಿನಜೋಳದ ಹೊಲಗಳ ನಡುವೆ ಚದುರಿ ಬಾಳುವ ಕುಟುಂಬಗಳಿಗೆ ಗುಡಿಯ ಗಂಟೆ ಕೇಳಿಸುವುದಿಲ್ಲ. ಭಾನುವಾರದ ನೆನಪು ಮಾಡಿಕೊಡುವವಳು ಮನೆಯ ತಾಯಿಯೇ. ಅಂಥ ಒಬ್ಬ ತಾಯಿ ನಮ್ಮ ಪೂಜೆಗೆ ಮೊದಲ ಬಸ್ಸಿಗೇ ಬರುತ್ತಿದ್ದಳು. ಹಿಂದಿನ ಸಾಲಿನಲ್ಲಿ ಕಂಬದ ಪಕ್ಕ ಅವಳ ಜಾಗ. ಪೂಜೆಗೆ ಮೊದಲು ಅಂಗಳ ಗುಡಿಸುವಳು, ಪೂಜೆಯ ನಂತರ ಮಕ್ಕಳಿಗೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸುವಳು. ಕೈಯಲ್ಲಿ ಸವೆದ ಪ್ರಾರ್ಥನಾ ಪುಸ್ತಕ. ಅವಳು ತೀರಿಕೊಂಡ ಮೂವತ್ತನೆಯ ದಿನದ ಬಲಿಪೂಜೆಯ ಪ್ರಬೋಧನೆಯಲ್ಲಿ ನಾನು ರೂಢಿಯಂತೆ ಹೇಳಿದೆ: ‘ಆಕೆ ತ್ಯಾಗಮಯಿ, ತನಗಾಗಿ ಏನನ್ನೂ ಕೇಳಿದವಳಲ್ಲ.’

ಪೂಜೆ ಮುಗಿದ ಮೇಲೆ ಅವಳ ಮಗಳು ನನ್ನ ಬಳಿ ಬಂದಳು. ‘ಫಾದರ್, ಅವ್ವ ಏನೂ ಕೇಳಲಿಲ್ಲಂತ ಹೇಳಿದ್ರಿ. ಆಕಿ ಕೇಳಿದ್ಳರಿ. ನಾವs ಕಿವಿಗೆ ಹಾಕ್ಕೊಳ್ಳಲಿಲ್ಲ’ ಎಂದಳು.

ಅವಳು ಕೇಳಿದ್ದು ಒಂದು ಚಾಳೀಸು. ಎರಡು ವರ್ಷಗಳಿಂದ ಕಣ್ಣು ಮಂಜಾಗಿದ್ದವು. ಗೋಕಾಕಕ್ಕೆ ಕರೆದೊಯ್ದು ತೋರಿಸಿರೆಂದು ಹೇಳುತ್ತಿದ್ದಳಂತೆ. ಸುಗ್ಗಿ ಮುಗಿಯಲಿ ಎಂದರು. ಕಬ್ಬಿನ ಬಿಲ್ಲು ಬರಲಿ ಎಂದರು. ಮೊಮ್ಮಗನ ಶಾಲೆಯ ಫೀ ಕಟ್ಟಿದ ಮೇಲೆ ನೋಡೋಣ ಎಂದರು. ಯಾರೂ ಕೆಟ್ಟವರಲ್ಲ, ಯಾರೂ ಒಲ್ಲೆ ಎನ್ನಲಿಲ್ಲ. ಅವಳು ಮಾತ್ರ ಕೇಳುವುದನ್ನು ಬಿಟ್ಟಳು. ಪ್ರಾರ್ಥನೆಗಳೆಲ್ಲ ಬಾಯಿಪಾಠವಾಗಿದ್ದುದರಿಂದ ಅವಳು ಪುಸ್ತಕದ ಹಾಳೆ ತಿರುವುತ್ತಿದ್ದಳೇ ಹೊರತು ಓದುತ್ತಿರಲಿಲ್ಲವೆಂಬುದು ಯಾರಿಗೂ ತಿಳಿಯಲಿಲ್ಲ. ಆ ‘ಯಾರಿಗೂ’ ಎಂಬುದರಲ್ಲಿ ನಾನೂ ಇದ್ದೇನೆ. ವಾಚನ ಓದಲು ಒಮ್ಮೆ ಕರೆದಾಗ ಅವಳು ನಕ್ಕು, ‘ಬ್ಯಾಡ್ರಿ ಫಾದರ್, ಹುಡುಗ್ರು ಓದಲಿ’ ಎಂದಿದ್ದಳು. ಅದನ್ನು ನಾನು ವಿನಯದ ಉದಾಹರಣೆಯಾಗಿ ಬೇರೊಂದು ಭಾನುವಾರ ಪ್ರಬೋಧಿಸಿದ್ದೆ. ಈಗ ಅವಳ ಸಮಾಧಿಗೆಂದು ಮಕ್ಕಳು ಕರಿಕಲ್ಲಿನ ಫಲಕ ಮಾಡಿಸಿದ್ದಾರೆ. ಅದರ ಬೆಲೆಯಲ್ಲಿ ಎಷ್ಟು ಚಾಳೀಸುಗಳು ಬರುತ್ತಿದ್ದವೆಂಬ ಲೆಕ್ಕವನ್ನು ಅವರಿಗೆ ಯಾರೂ ಹೇಳಬೇಕಾಗಿಲ್ಲ.

ಪ್ರಿಯ ಓದುಗರೇ, ‘ತ್ಯಾಗ’ ಎಂಬ ಶಬ್ದವನ್ನು ನಾವು ಸ್ವಲ್ಪ ಎಚ್ಚರದಿಂದ ಬಳಸಬೇಕಾಗಿದೆ. ತ್ಯಾಗವೆಂಬುದು ಸ್ವಾತಂತ್ರ್ಯದ ಕ್ರಿಯೆ. ಕೊಡದೆ ಇರಲು ಸಾಧ್ಯವಿದ್ದವನು ಕೊಟ್ಟಾಗ ಮಾತ್ರ ಅದು ದಾನ. ಕೇಳದೆ ತೆಗೆದುಕೊಂಡದ್ದಕ್ಕೆ, ಕೇಳಿದರೂ ಕೊಡದೆ ಉಳಿಸಿಕೊಂಡದ್ದಕ್ಕೆ ಬೇರೆ ಹೆಸರಿದೆ. ತಾಯಿ ಹಸಿದು ಮಕ್ಕಳಿಗೆ ಬಡಿಸಿದರೆ ಅದು ಅವಳ ತ್ಯಾಗ; ಅವಳು ಉಂಡಳೋ ಇಲ್ಲವೋ ಎಂದು ಮಕ್ಕಳು ನೋಡದಿದ್ದರೆ ಅದು ಮಕ್ಕಳ ಅಲಕ್ಷ್ಯ. ಈ ಎರಡನ್ನೂ ಒಂದೇ ಶಬ್ದದಲ್ಲಿ ಮುಚ್ಚಿಟ್ಟಾಗ ತಾಯಿಗೆ ಸಲ್ಲುವ ಹೊಗಳಿಕೆ ನಮಗೆ ಸಿಗುವ ಕ್ಷಮಾಪತ್ರವಾಗಿಬಿಡುತ್ತದೆ.

ಹಾಗಾದರೆ ಅವಳ ಬಾಳು ಪವಿತ್ರವಲ್ಲವೇ ಎಂದು ಕೇಳಬಹುದು. ಪವಿತ್ರವೇ ಹೌದು. ನಾವು ಅವಳಿಗೆ ನಿರಾಕರಿಸಿದ್ದನ್ನು ಸಹ ಅವಳು ದೇವರಿಗೆ ಅರ್ಪಿಸಿದಳು. ಓದಲಾಗದ ಪುಸ್ತಕವನ್ನು ಹಿಡಿದೇ ಪ್ರಾರ್ಥಿಸಿದಳು. ಆ ಪಾವಿತ್ರ್ಯ ಅವಳದು, ಅಲಕ್ಷ್ಯ ನಮ್ಮದು. ಪ್ರಭು ಯೇಸು ತಮ್ಮ ಪ್ರಾಣವನ್ನು ತಾವಾಗಿಯೇ ಅರ್ಪಿಸಿದರೆಂದು ಧರ್ಮಸಭೆ ಸಾರುತ್ತದೆ. ಆದರೆ ಆ ಕಾರಣದಿಂದ ಯೂದನಾಗಲಿ ಪಿಲಾತನಾಗಲಿ ನಿರ್ದೋಷಿಯೆಂದು ಎಂದೂ ಹೇಳಿಲ್ಲ.

ತಾಯಿಯನ್ನು ಸತ್ಯವಾಗಿ ಸ್ಮರಿಸುವುದು ಹೇಗೆಂದು ಧರ್ಮಸಭೆಗೆ ಕಲಿಸಿಕೊಟ್ಟವರು ಸಂತ ಅಗುಸ್ತೀನರು. ಅವರ ತಾಯಿ ಸಂತ ಮೋನಿಕಾ ಉತ್ತರ ಆಫ್ರಿಕದ ತಗಾಸ್ತೆಯವರು; ಇಂದಿನ ಅಲ್ಜೀರಿಯ ದೇಶಕ್ಕೆ ಸೇರಿದ ಊರು. ಮುಂಗೋಪಿ ಗಂಡ, ದಾರಿ ತಪ್ಪಿದ ಮೇಧಾವಿ ಮಗ, ಇವರಿಬ್ಬರಿಗಾಗಿ ಆಕೆ ಸುರಿಸಿದ ಕಣ್ಣೀರು ನಮ್ಮ ಉಪದೇಶದ ತರಗತಿಯ ಮಕ್ಕಳಿಗೂ ಗೊತ್ತು. 387ರ ಪಾಸ್ಖ ಜಾಗರಣೆಯಂದು ಮಿಲಾನಿನಲ್ಲಿ ಸಂತ ಅಂಬ್ರೋಸರಿಂದ ಮಗ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಊರಿಗೆ ಮರಳುವ ದಾರಿಯಲ್ಲಿ, ರೋಮಿನ ಬಂದರು ಓಸ್ತಿಯಾದಲ್ಲಿ, ತಾಯಿ ಜ್ವರದಿಂದ ತೀರಿಕೊಂಡರು. ಆಗ ಆಕೆಗೆ 56ನೆಯ ವರ್ಷ ನಡೆಯುತ್ತಿತ್ತು.

ಸುಮಾರು ಹತ್ತು ವರ್ಷಗಳ ನಂತರ ಮಗ ತಮ್ಮ ‘ಕನ್ಫೆಷನ್ಸ್’ ಗ್ರಂಥದಲ್ಲಿ ತಾಯಿಯನ್ನು ನೆನೆದ ರೀತಿ ಗಮನಾರ್ಹ. ಹುಡುಗಿಯಾಗಿದ್ದಾಗ ಆಕೆ ದ್ರಾಕ್ಷಾರಸ ತರಲು ಹೋಗಿ ಕದ್ದು ರುಚಿ ನೋಡುತ್ತಿದ್ದುದನ್ನು, ದಾಸಿಯೊಬ್ಬಳು ಅದನ್ನು ಎತ್ತಿ ಆಡಿದಾಗ ನಾಚಿ ಬಿಟ್ಟುದನ್ನು ಅವರು ಮುಚ್ಚಿಡಲಿಲ್ಲ. ತಾಯಿಗೆ ತಾವು ಸುಳ್ಳು ಹೇಳಿ ರಾತ್ರೋರಾತ್ರಿ ಹಡಗು ಹತ್ತಿದ್ದನ್ನೂ ಮುಚ್ಚಿಡಲಿಲ್ಲ. ತಾಯಿಯ ದೋಷವನ್ನೂ ತಮ್ಮ ದ್ರೋಹವನ್ನೂ ಬರೆದು, ಕೊನೆಗೆ ಅವಳಿಗಾಗಿ ಪ್ರಾರ್ಥಿಸಿರೆಂದು ಓದುಗರನ್ನು ಬೇಡಿದರು. ಆಕೆ ಆಗಲೇ ಸಂತಳೆಂದು ಘೋಷಿಸಿ ಕೈತೊಳೆದುಕೊಳ್ಳಲಿಲ್ಲ. ಪ್ರಾರ್ಥನೆ ಬೇಕಾದವಳೆಂದು ಅವಳನ್ನು ಕಂಡದ್ದರಿಂದಲೇ ಆ ಸ್ಮರಣೆಯಲ್ಲಿ ಒಬ್ಬ ನಿಜವಾದ ಹೆಣ್ಣುಮಗಳು ನಮಗೆ ಕಾಣಿಸುತ್ತಾಳೆ.

ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ಹತ್ತಿರವಾದುದು. ನಾವು ಸಮಾಧಿಗೆ ಎಡೆ ಒಯ್ಯುವಂತೆ ಆಫ್ರಿಕದ ಕ್ರೈಸ್ತರೂ ರಕ್ತಸಾಕ್ಷಿಗಳ ಸಮಾಧಿಗೆ ಅಂಬಲಿ, ರೊಟ್ಟಿ, ದ್ರಾಕ್ಷಾರಸ ಒಯ್ಯುತ್ತಿದ್ದರು. ಮಿಲಾನಿನಲ್ಲಿ ಮೋನಿಕಾ ಹಾಗೆಯೇ ಬುಟ್ಟಿ ಹೊತ್ತು ಹೋದಾಗ ಬಾಗಿಲು ಕಾಯುವವನು ತಡೆದ. ಮೇತ್ರಾಣಿ ಅಂಬ್ರೋಸರು ಆ ಪದ್ಧತಿಯನ್ನು ನಿಷೇಧಿಸಿದ್ದರು. ಆಕೆ ಮುನಿಯಲಿಲ್ಲ. ಸಮಾಧಿಗೆ ಪ್ರಾರ್ಥನೆಯನ್ನು ಒಯ್ದು, ಕೈಲಾದುದನ್ನು ಬಡವರಿಗೆ ಕೊಡತೊಡಗಿದರು. ಊರಲ್ಲಿ ಗಂಡನ ಮಗ್ಗುಲಲ್ಲೇ ತನ್ನನ್ನು ಹೂಳಬೇಕೆಂದು ಬಹುಕಾಲ ಆಸೆಪಟ್ಟಿದ್ದ ಅದೇ ತಾಯಿ ಕೊನೆಯಲ್ಲಿ ಈ ದೇಹವನ್ನು ಎಲ್ಲಿಯಾದರೂ ಇಡಿ, ನೀವು ಎಲ್ಲಿದ್ದರೂ ಬಲಿಪೀಠದ ಬಳಿ ನನ್ನನ್ನು ನೆನೆಯಿರಿ ಎಂದಷ್ಟೇ ಬೇಡಿದರು. ಕಲ್ಲನ್ನು ಕೇಳಲಿಲ್ಲ, ಪೂಜೆಯನ್ನು ಕೇಳಿದರು.

ಆದರೆ ಮೋನಿಕಾರ ಕಣ್ಣೀರನ್ನಷ್ಟೇ ತಾಯ್ತನದ ಮಾದರಿಯಾಗಿ ತೋರಿಸಿದರೆ ಇನ್ನೊಂದು ತಪ್ಪಾಗುತ್ತದೆ. ತಾಯಿಯಾದವಳು ಅಳಬೇಕು, ಜಪಸರ ಎಣಿಸಬೇಕು, ಮಾತಾಡಬಾರದು ಎಂದು ನಾವು ತಿಳಿದುಬಿಡುತ್ತೇವೆ. ನಮ್ಮ ಕರ್ನಾಟಕದ ಒಬ್ಬ ಕಥೋಲಿಕ ತಾಯಿಯ ನೆನಪು ಈ ತಪ್ಪನ್ನು ತಿದ್ದುತ್ತದೆ. ಮಂಗಳೂರಿನ ಆಲಿಸ್ ಫರ್ನಾಂಡಿಸ್ ಆರು ಗಂಡುಮಕ್ಕಳ ತಾಯಿ. ಹಿರಿಯ ಮಗ ಹುಟ್ಟಿದ್ದು 1930ರ ಜೂನ್ 3ರಂದು, ಐದನೆಯ ಜಾರ್ಜ್ ದೊರೆಯ ಜನ್ಮದಿನದಂದೇ. ದೊರೆಯ ಮೇಲಿನ ಅಭಿಮಾನದಿಂದ ಆಕೆ ಮಗುವಿಗೆ ಜಾರ್ಜ್ ಎಂದು ಹೆಸರಿಟ್ಟರು. ಹದಿನಾರನೆಯ ವಯಸ್ಸಿನಲ್ಲಿ ಆ ಮಗನನ್ನು ಗುರುವಾಗಲೆಂದು ಬೆಂಗಳೂರಿನ ಸಂತ ಪೇತ್ರರ ಗುರುಮಠಕ್ಕೆ ಕಳುಹಿಸಲಾಯಿತು. ಮಗ ಗುರುವಾಗಲಿಲ್ಲ, ಗುರುಮಠ ತೊರೆದು ಮುಂಬಯಿ ಸೇರಿ ಕಾರ್ಮಿಕ ನಾಯಕನಾದ. ಮನೆಯಿಂದ ಒಬ್ಬ ಮಗ ಗುರುವಾಗಬೇಕೆಂದು ಹರಸಿ ಕಳುಹಿಸಿ, ಅವನು ಮರಳಿ ಬಂದುದನ್ನು ಕಂಡ ತಾಯಂದಿರು ನಮ್ಮ ಓದುಗರಲ್ಲೂ ಇದ್ದಾರೆ. ಅದರ ಭಾರವನ್ನು ನಾನು ಹೇಳಬೇಕಾಗಿಲ್ಲ.

1975ರ ಜೂನ್ 25ರಂದು ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಜಾರ್ಜ್ ಫರ್ನಾಂಡಿಸ್ ಭೂಗತರಾದರು. ಅವರ ಸುಳಿವಿಗಾಗಿ 1976ರ ಮೇ 1ರಂದು ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಹಿಡಿದೊಯ್ದರು; ತೀವ್ರವಾಗಿ ಹಿಂಸಿಸಿದರು. ಮಗನ ಸ್ಥಿತಿಯನ್ನು ಕಂಡ ಆಲಿಸ್ ಮನೆಯಲ್ಲಿ ಮೊಣಕಾಲೂರಿ ಸುಮ್ಮನಾಗಲಿಲ್ಲ. ಭಾರತದ ರಾಷ್ಟ್ರಪತಿಗಳಿಗೆ ಪತ್ರ ಬರೆದು, ತನ್ನ ಮಗನಿಗೆ ಆದುದನ್ನು ನಿವೇದಿಸಿದರು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದ, ದೊಡ್ಡ ದೊಡ್ಡವರು ಪಿಸುಮಾತಿನಲ್ಲಿ ಮಾತಾಡುತ್ತಿದ್ದ ಕಾಲವದು. ಅಂಥ ಹೊತ್ತಿನಲ್ಲಿ ವಯಸ್ಸಾದ ಒಬ್ಬ ತಾಯಿ ತನ್ನ ಹೆಸರು ಹಾಕಿ ರಾಷ್ಟ್ರದ ಪ್ರಥಮ ಪ್ರಜೆಗೆ ಪತ್ರ ಬರೆದರು. ದೊರೆಯ ಹೆಸರನ್ನು ಮಗುವಿಗೆ ಇಟ್ಟಿದ್ದವರು ಆಳುವವರಿಗೆ ಅವರ ಕರ್ತವ್ಯವನ್ನು ನೆನಪಿಸಿದರು. ಮಗನ ರಾಜಕೀಯವನ್ನು ನಾವು ಒಪ್ಪಬಹುದು, ಬಿಡಬಹುದು. ಆ ಪತ್ರಕ್ಕೆ ಮಾತ್ರ ತಲೆಬಾಗಲೇಬೇಕು. ಕಾನಾದ ಮದುವೆಯ ಮನೆಯಲ್ಲಿ ದ್ರಾಕ್ಷಾರಸ ಮುಗಿದುದನ್ನು ಮೊದಲು ಕಂಡು, ಬಾಯಿಬಿಟ್ಟು ಹೇಳಿದವರು ಮಾತೆ ಮರಿಯಮ್ಮನವರಲ್ಲವೇ? ಕೊರತೆಯನ್ನು ಕಂಡು ಹೇಳುವುದೂ ಭಕ್ತಿಯ ಒಂದು ಮುಖವೇ.

ಹಾಗಾದರೆ ಪ್ರಶ್ನೆ ತಾಯಂದಿರದಲ್ಲ, ಕೇಳಿಸಿಕೊಳ್ಳುವವರದು. ಆಲಿಸ್ ಪತ್ರ ಬರೆದರು. ನನ್ನ ಹಿಂದಿನ ಸಾಲಿನ ತಾಯಿ ಸಹ ತನ್ನ ಮಕ್ಕಳಿಗೆ ಹೇಳಿದ್ದಳು. ಹೇಳಿದವಳನ್ನು ‘ಏನೂ ಕೇಳದವಳು’ ಎಂದು ಕೊಂಡಾಡುವುದು ಅವಳ ಬಾಯಿಯನ್ನು ಎರಡನೆಯ ಸಲ ಮುಚ್ಚಿದಂತೆ.

ಸಂತ ತೆರೇಸಮ್ಮನವರ ತಾಯಿ ಸೆಲಿ ಮಾರ್ಟಿನ್ ಪ್ರತಿದಿನ ನಸುಕಿನ ಪೂಜೆಗೆ ಹೋಗುತ್ತಿದ್ದ ಗೃಹಿಣಿ. ಲೇಸ್ ತಯಾರಿಕೆಯ ಉದ್ಯಮ ನಡೆಸಿ ಮನೆಗೆ ಆಧಾರವಾದವರು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಆಕೆಯನ್ನೂ ಆಕೆಯ ಪತಿ ಲೂಯಿಯವರನ್ನೂ ಒಟ್ಟಿಗೆ ಸಂತಪದವಿಗೇರಿಸಿದರು. ಎದೆಯಲ್ಲಿ ನೋವಿನ ಗಂಟಿದೆಯೆಂದು ಸೆಲಿ 1865ರಲ್ಲೇ ತಮ್ಮ ಸಹೋದರನಿಗೆ ಪತ್ರದಲ್ಲಿ ತಿಳಿಸಿದ್ದರು. ವೈದ್ಯರು ಕಾಲ ಮೀರಿತೆಂದು ಹೇಳಿದ್ದು 1876ರ ಕೊನೆಯಲ್ಲಿ. ಮರುವರ್ಷ, 45ನೆಯ ವಯಸ್ಸಿನಲ್ಲಿ, ನಾಲ್ಕು ವರ್ಷದ ತೆರೇಸಳನ್ನು ಬಿಟ್ಟು ಆಕೆ ತೀರಿಕೊಂಡರು. ಅಂದಿನ ವೈದ್ಯವಿದ್ಯೆಗೆ ಮಿತಿ ಇತ್ತು. ಇಂದು ಬಸ್ಸಿದೆ, ಆಸ್ಪತ್ರೆಯಿದೆ. ಇಂದಿಗೂ ನಮ್ಮ ತಾಯಂದಿರ ನೋವು ‘ಮುಂದಿನ ತಿಂಗಳು ನೋಡೋಣ’ ಎಂಬ ಮಾತಿನಲ್ಲೇ ಬೆಳೆಯುತ್ತಿದ್ದರೆ ಅದಕ್ಕೆ ಯಾವ ಮಿತಿಯನ್ನು ಕಾರಣವಾಗಿ ಹೇಳೋಣ?

ನೆನಪು ತಾನಾಗಿ ಬರುವುದು ಬೇರೆ, ಪ್ರಯತ್ನಪಟ್ಟು ನೆನೆಯುವುದು ಬೇರೆ ಎಂದು ತತ್ತ್ವಜ್ಞಾನಿ ಅರಿಸ್ಟಾಟಲ್ ವಿಂಗಡಿಸಿದ. ನಮ್ಮ ಬಲಿಪೂಜೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಸ್ಮರಣೆಯೆಂದರೆ ಮಾಡುವುದು. ಪ್ರಭು ತಮ್ಮ ನೆನಪಿಗಾಗಿ ಶಿಷ್ಯರಿಗೆ ವಿಗ್ರಹವನ್ನು ಕೊಡಲಿಲ್ಲ, ಒಂದು ಕಾರ್ಯವನ್ನು ಕೊಟ್ಟರು. ತಾಯಿಯ ಸ್ಮರಣೆಗೂ ಇದೇ ಅಳತೆಗೋಲು.

ಆದುದರಿಂದ ಈ ತಿಂಗಳು ಕುಟುಂಬಗಳಲ್ಲಿ ಕೆಲವು ಕೆಲಸಗಳನ್ನು ಮಾಡೋಣ. ತೀರಿಕೊಂಡ ತಾಯಿಗಾಗಿ ಬಲಿಪೂಜೆ ಒಪ್ಪಿಸುವಾಗ ಹಣ ಕೊಟ್ಟು ಹೆಸರು ಬರೆಸಿದರೆ ಸಾಲದು. ಮಕ್ಕಳೆಲ್ಲ ಬಂದು ಪರಮಪ್ರಸಾದ ಸ್ವೀಕರಿಸಲಿ. ಅವಳ ಬಗ್ಗೆ ಮೊಮ್ಮಕ್ಕಳಿಗೆ ನಿಜವನ್ನು ಹೇಳಲಿ: ಅವಳ ಸಿಟ್ಟು, ಅವಳ ನಗು, ಅವಳ ಆಸೆ, ನಾವು ಈಡೇರಿಸದ ಅವಳ ಮಾತು. ಸಂಜೆಯ ಜಪಸರವನ್ನು ಅವಳೊಬ್ಬಳೇ ಹೇಳಿಸುತ್ತಿದ್ದರೆ ಅದನ್ನು ಈಗ ಹಿರಿಯ ಮಗ ಎತ್ತಿಕೊಳ್ಳಲಿ. ತಿಮೊಥೇಯನ ವಿಶ್ವಾಸ ಅಜ್ಜಿ ಲೋವಿಯಿಂದ, ತಾಯಿ ಯೂನಿಕೆಯಿಂದ ಬಂದುದೆಂದು ಸಂತ ಪೌಲರು ಅವರ ಹೆಸರು ಹಿಡಿದು ನೆನೆದರು. ನೆನೆದದ್ದು ಆ ಕೆಂಡ ಆರದಂತೆ ನೋಡಿಕೋ ಎಂದು ಎಚ್ಚರಿಸುವುದಕ್ಕಾಗಿ. ದಿನದ ಊಟಕ್ಕೆ ಹಾಕುವ ಖರ್ಚಿನಲ್ಲಿ ಒಂದು ಪಾಲು, ಮೋನಿಕಾರಂತೆ, ಬಡವರಿಗೆ ಹೋಗಲಿ.

ಇನ್ನು ತಾಯಿ ಬದುಕಿರುವ ಮನೆಗಳಿಗೆ ಒಂದೇ ಮಾತು. ಇಂದು ಈ ಪತ್ರಿಕೆಯನ್ನು ಮಡಿಚಿಟ್ಟು ಅವಳನ್ನು ಕೇಳಿರಿ: ‘ಅವ್ವಾ, ನಿನಗೇನು ಬೇಕು?’ ‘ಏನೂ ಬ್ಯಾಡ’ ಎಂದಾಳು. ಮೊದಲ ಉತ್ತರವನ್ನು ನಂಬಬೇಡಿ. ಅವಳು ಹಿಂದೆಯೇ ಕೇಳಿ ಬಿಟ್ಟದ್ದು ಏನೆಂದು ನೆನಪಿಸಿಕೊಳ್ಳಿರಿ.

ಗುರುಗಳಾದ ನಮಗೂ ಇದರಲ್ಲಿ ಪಾಲಿದೆ. ದೇವಾಲಯವನ್ನು ಗುಡಿಸುವವರು, ಹೂ ಏರಿಸುವವರು, ಮಕ್ಕಳಿಗೆ ಪ್ರಾರ್ಥನೆ ಕಲಿಸುವವರು ತಾಯಂದಿರು. ಸಭೆಗಳಲ್ಲಿ ತೀರ್ಮಾನ ಮಾಡುವಾಗ ಅವರ ಮಾತು ಎಷ್ಟು ಕೇಳಿಬರುತ್ತದೆ? ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ಕ್ರೈಸ್ತ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆಯೆಂದು ಕರೆಯಿತು. ಆ ಧರ್ಮಸಭೆಯನ್ನು ನಡೆಸುವವಳು ಈ ಧರ್ಮಸಭೆಯಲ್ಲಿ ಕಂಬದ ಮರೆಗೆ ಉಳಿಯಬಾರದು. ಬಸ್ಸು ಹತ್ತಲಾರದೆ ಮನೆಯಲ್ಲೇ ಉಳಿದವರಿದ್ದರೆ ದಯವಿಟ್ಟು ತಿಳಿಸಿರಿ. ಪರಮಪ್ರಸಾದವನ್ನು ಅವರ ಬಳಿಗೆ ತರುವುದು ನಮ್ಮ ಧರ್ಮ.

ಆ ಮಗಳು ಅಂದು ಹೊರಡುವ ಮುನ್ನ ತಾಯಿಯ ಪ್ರಾರ್ಥನಾ ಪುಸ್ತಕವನ್ನು ನನಗೆ ತೋರಿಸಿದಳು. ಹಾಳೆಗಳ ತುದಿ ಬೆರಳಿನ ಎಣ್ಣೆಗೆ ಕಪ್ಪಾಗಿದ್ದವು. ಅದನ್ನು ದೇವಾಲಯದಲ್ಲಿ ಇಡಲೇ ಎಂದು ಕೇಳಿದಳು. ‘ಬೇಡಮ್ಮ, ಮನೆಯಲ್ಲೇ ಇಟ್ಟುಕೊಂಡು ಓದು’ ಎಂದೆ. ನಮ್ಮ ಅಗಲಿದ ತಾಯಂದಿರಿಗೆಲ್ಲ ಕರುಣಾಮಯನಾದ ದೇವರು ನಿತ್ಯಶಾಂತಿಯನ್ನು ಅನುಗ್ರಹಿಸಲಿ. ಈ ಲೋಕದಲ್ಲಿ ಮಂಜಾಗಿದ್ದ ಅವರ ಕಣ್ಣುಗಳು ಆತನ ಮುಖವನ್ನು ನಿಚ್ಚಳವಾಗಿ ಕಾಣಲಿ.