ಆತ್ಮರಕ್ಷಣೆ: ಬಂದೂಕೋ, ಬರಿಗೈಯೋ?

ಮುಂಬಯಿಯಂತಹ ಮಹಾನಗರದಲ್ಲಿ ದುಡಿದು ಬಾಳುವವರಿಗೆ ಹೊತ್ತುಗೊತ್ತು ಎಂಬುದಿಲ್ಲ. ನಡುರಾತ್ರಿಯಲ್ಲಿ ಗಲ್ಲಾಪೆಟ್ಟಿಗೆಯ ಲೆಕ್ಕ ಮುಗಿಸಿ ಮನೆಗೆ ಹೊರಡುವ ಹೋಟೆಲಿನ ಯಜಮಾನ, ರಾತ್ರಿಯ ಪಾಳಿಗೆ ತೆರಳುವ ದಾದಿ, ಕಡೆಯ ಲೋಕಲ್ ಗಾಡಿಯಲ್ಲಿ ವಿರಾರಿಗೋ ಡೊಂಬಿವಲಿಗೋ ಮರಳುವ ಕಚೇರಿಯ ಹೆಣ್ಣುಮಗಳು, ಮಕ್ಕಳು ಪರದೇಶಕ್ಕೆ ಹೋದ ಮೇಲೆ ಫ್ಲ್ಯಾಟಿನಲ್ಲಿ ಇಬ್ಬರೇ ಉಳಿದ ವೃದ್ಧ ದಂಪತಿಗಳು, ಇವರೆಲ್ಲರ ಮನಸ್ಸಿನಲ್ಲಿಯೂ ಒಂದಲ್ಲ ಒಂದು ಗಳಿಗೆಯಲ್ಲಿ “ಯಾರಾದರೂ ಮೇಲೆ ಬಿದ್ದರೆ ಗತಿಯೇನು?” ಎಂಬ ಪ್ರಶ್ನೆ ಏಳದಿರದು. ಈ ಪ್ರಶ್ನೆಗೆ ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ಎರಡು. ಪರವಾನಗಿ ಪಡೆದು ಒಂದು ರಿವಾಲ್ವರ್ ಇಟ್ಟುಕೊಳ್ಳಬೇಕೆಂಬುದು ಮೊದಲನೆಯದು. ಕರಾಟೆ, ಜೂಡೋ ಮುಂತಾದ ನಿರಾಯುಧ ವಿದ್ಯೆಗಳನ್ನು ಕಲಿಯಬೇಕೆಂಬುದು ಎರಡನೆಯದು. ಭಯದ ಭರದಲ್ಲಿ ಯಾವುದೋ ಒಂದನ್ನು ಆರಿಸುವುದಕ್ಕೆ ಮೊದಲು ಎರಡರ ಜಮಾ-ಖರ್ಚನ್ನೂ ಸಮಾಧಾನದಿಂದ ನೋಡುವುದು ಉಚಿತ.

ಮೊದಲು ಕಾನೂನಿನ ಮಾತು. ಭಾರತದಲ್ಲಿ ಬಂದೂಕು ಹೊಂದುವುದು ನಾಗರಿಕನ ಹಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಮೇರೆಗೆ ಸರಕಾರವು ಕೊಡುವ ಅನುಮತಿ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು, ಆತನ ಪೂರ್ವಾಪರಗಳ ವಿಚಾರಣೆ ನಡೆಯಬೇಕು. 2016ರ ನಿಯಮಗಳು ಶಸ್ತ್ರವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯನ್ನೂ ಅಪೇಕ್ಷಿಸುತ್ತವೆ. 2019ರ ತಿದ್ದುಪಡಿಯು ಒಬ್ಬನು ಇಟ್ಟುಕೊಳ್ಳಬಹುದಾದ ಶಸ್ತ್ರಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಇನ್ನು ಆತ್ಮರಕ್ಷಣೆಯ ಹಕ್ಕು ಮಾತ್ರ ಎಲ್ಲರಿಗೂ ಉಂಟು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಅದನ್ನು ವಿವರಿಸುತ್ತವೆ. ಆದರೆ ಅಲ್ಲಿಯೂ ಒಂದು ಕಟ್ಟಿದೆ. ರಕ್ಷಣೆಗೆ ಎಷ್ಟು ಅವಶ್ಯವೋ ಅಷ್ಟೇ ಪೆಟ್ಟು, ಅದಕ್ಕಿಂತ ಹೆಚ್ಚಿಲ್ಲ. ಅಧಿಕಾರಿಗಳ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕೇ ಇಲ್ಲ. ಕೈಯ ಪೆಟ್ಟನ್ನು ಅಳತೆಗೆ ತಕ್ಕಂತೆ ಕೊಡಬಹುದು, ಎತ್ತಿದ ಕೈಯನ್ನು ಅರ್ಧದಲ್ಲಿ ತಡೆಯಲೂಬಹುದು. ಹಾರಿದ ಗುಂಡನ್ನು ಹಿಂದಕ್ಕೆ ಕರೆಯುವ ವಿದ್ಯೆ ಇನ್ನೂ ಹುಟ್ಟಿಲ್ಲ.

ಬಂದೂಕಿನ ಪರವಾಗಿ ಮಾತನಾಡುವ ಕನ್ನಡಿಗರು ಕೊಡಗಿನ ಉದಾಹರಣೆಯನ್ನು ಕೊಡುವುದುಂಟು. ಅದು ತೂಕವುಳ್ಳ ವಾದವೇ. ಬ್ರಿಟಿಷರ ಕಾಲದಿಂದಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದ ದಿನ ಅಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಆದರೆ ಕೊಡಗಿನ ಕೋವಿಯ ಹಿಂದೆ ಕಾಡುಪ್ರಾಣಿಗಳು ನುಗ್ಗುವ ತೋಟಗಳಿವೆ, ಒಂದಕ್ಕೊಂದು ದೂರವಿರುವ ಮನೆಗಳಿವೆ, ಹಿರಿಯರ ಕಣ್ಣೆದುರಿನಲ್ಲಿ ಕಿರಿಯರು ಕಲಿತ ಶಿಸ್ತಿದೆ. ಅದೇ ಕೋವಿಯನ್ನು ತಂದು ಪರೇಲಿನ ಚಾಳಿನ ಒಂದು ಖೋಲಿಯಲ್ಲಿಯೋ ಕಾಂದಿವಲಿಯ ಎರಡು ಕೋಣೆಗಳ ಫ್ಲ್ಯಾಟಿನಲ್ಲಿಯೋ ಇಟ್ಟರೆ ಆ ಶಿಸ್ತು ಅದರೊಡನೆ ಬಾರದು.

ಚಿಕ್ಕ ಮನೆಯಲ್ಲಿ ಬಂದೂಕಿನ ಕಷ್ಟವೇ ಬೇರೆ. ಗುಂಡು ತುಂಬಿ ಕೈಗೆಟಕುವಂತೆ ಇಟ್ಟರೆ ಅದು ಮಕ್ಕಳ ಕೈಗೂ ಎಟಕುತ್ತದೆ. ಬೀಗ ಹಾಕಿಟ್ಟರೆ ಕಳ್ಳನು ಬಂದಾಗ ಬೀಗದ ಕೈಯನ್ನು ಹುಡುಕಬೇಕಾಗುತ್ತದೆ. 2024ರ ಅಕ್ಟೋಬರ್ 1ರ ಬೆಳಗಿನ ಜಾವ ಜುಹೂವಿನ ತಮ್ಮ ಮನೆಯಲ್ಲಿ ಚಿತ್ರನಟ ಗೋವಿಂದ ಅವರಿಗೆ ಗುಂಡು ತಗಲಿದ್ದು ಶತ್ರುವಿನಿಂದಲ್ಲ. ಅವರದೇ ಪರವಾನಗಿಯ ರಿವಾಲ್ವರಿನಿಂದ. ಪುಣ್ಯವಶಾತ್ ಕಾಲಿಗೆ ಬಿದ್ದ ಗಾಯ ವಾಸಿಯಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ದಹಿಸರಿನಲ್ಲಿ ಮಾಜಿ ನಗರಸೇವಕರೊಬ್ಬರು ಬಲಿಯಾದುದು ಹಂತಕನ ಸ್ವಂತ ಶಸ್ತ್ರಕ್ಕಲ್ಲ, ಅವನ ಅಂಗರಕ್ಷಕನ ಪರವಾನಗಿಯ ಪಿಸ್ತೂಲಿಗೆ. ಕಾಯಲೆಂದು ತಂದ ಶಸ್ತ್ರವು ಯಾರ ಕೈ ಸೇರುವುದೆಂದು ಯಾವ ಪರವಾನಗಿಯೂ ಬರೆದುಕೊಡದು. ಮನಸ್ಸು ಕುಗ್ಗಿದ ಗಳಿಗೆಯಲ್ಲಿ ಮನೆಯವರೇ ಅದನ್ನು ತಮ್ಮ ಮೇಲೆ ತಿರುಗಿಸಿಕೊಳ್ಳುವ ಅಪಾಯವನ್ನೂ ವೈದ್ಯರು ಎಚ್ಚರಿಸುತ್ತಾರೆ. ಮನೆಮನೆಯಲ್ಲಿ ಬಂದೂಕಿರುವ ಅಮೆರಿಕದಲ್ಲಿ ಗುಂಡಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೇ ಎಂಬುದನ್ನು ಗಮನಿಸಬೇಕು.

ಹಫ್ತಾ ಕೇಳುವವರ ಬೆದರಿಕೆಗೆ ತುತ್ತಾದ ಹೋಟೆಲ್ ಉದ್ಯಮಿಗಳ ಸಂಕಟ ಬೇರೆ ತೆರನಾದುದು ಎಂದು ಯಾರಾದರೂ ಹೇಳಬಹುದು. ನಿಜ. ಆದರೆ 1997ರಲ್ಲಿ ಪೊವಾಯಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್, ಅಂಧೇರಿಯಲ್ಲಿ ಧ್ವನಿಸುರುಳಿಗಳ ಉದ್ಯಮಿ ಗುಲ್ಶನ್ ಕುಮಾರ್ ಹತರಾದ ಬಗೆಯನ್ನು ನೆನೆದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೊತ್ತನ್ನೂ ಸ್ಥಳವನ್ನೂ ಆರಿಸುವವನು ದಾಳಿಕೋರ. ಸೊಂಟದ ಶಸ್ತ್ರ ಕೈಗೆ ಬರುವ ಮೊದಲೇ ಅವನ ಕೆಲಸ ಮುಗಿದಿರುತ್ತದೆ. 2024ರ ಅಕ್ಟೋಬರಿನಲ್ಲಿ ಬಾಂದ್ರಾದಲ್ಲಿ ಮಾಜಿ ಸಚಿವ ಬಾಬಾ ಸಿದ್ದೀಕಿ ಅವರನ್ನು ಪೊಲೀಸ್ ರಕ್ಷಣೆಯೂ ಉಳಿಸಲಿಲ್ಲ. ಇನ್ನು ಉಸಿರಾಡಲೂ ಎಡೆಯಿಲ್ಲದ ಲೋಕಲ್ ಗಾಡಿಯಲ್ಲಿ ಗುಂಡು ಹಾರಿದರೆ ಅದು ಅಪರಾಧಿಯನ್ನೇ ಹುಡುಕಿಕೊಂಡು ಹೋಗುವುದೆಂಬ ಭರವಸೆ ಎಲ್ಲಿಯದು?

ಈಗ ಬರಿಗೈಯ ವಿದ್ಯೆಯನ್ನು ನೋಡೋಣ. ಕರಾಟೆ ಎಂಬ ಜಪಾನೀ ಮಾತಿಗೆ ಬರಿಗೈ ಎಂದೇ ಅರ್ಥ. ಅದು ಒಕಿನಾವಾ ದ್ವೀಪದಲ್ಲಿ ಬೆಳೆದ ವಿದ್ಯೆ. ಜೂಡೋವನ್ನು ಜಿಗೊರೊ ಕಾನೊ ಅವರು 1882ರಲ್ಲಿ ಟೋಕಿಯೋದಲ್ಲಿ ರೂಪಿಸಿದರು. ಇವು ಪರದೇಶದವಾದರೂ ಇವುಗಳ ಭಾವ ಕನ್ನಡಿಗರಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಮಲ್ಲರ ಸಾಧನೆಯನ್ನು ವಿವರಿಸಿದೆ. ಊರೂರಿನ ಗರಡಿಮನೆಗಳು ದೇಹದೊಡನೆ ನಡತೆಯನ್ನೂ ತಿದ್ದುತ್ತಿದ್ದವು. ಇಂತಹ ವಿದ್ಯೆಯು ಸಾಮಾನ್ಯನಿಗೆ ಕೊಡುವುದು ಚಲಚ್ಚಿತ್ರದ ನಾಯಕನ ಪರಾಕ್ರಮವನ್ನಲ್ಲ. ಮಣಿಕಟ್ಟನ್ನು ಹಿಡಿದವನಿಂದ ಬಿಡಿಸಿಕೊಳ್ಳುವುದು, ಬಿದ್ದರೂ ತಲೆಗೆ ಪೆಟ್ಟಾಗದಂತೆ ಬೀಳುವುದು, ಬೆದರಿ ಗಂಟಲು ಕಟ್ಟದಂತೆ ಗಟ್ಟಿಯಾಗಿ ಕೂಗುವುದು, ದೊರೆತ ಎರಡು ಕ್ಷಣಗಳಲ್ಲಿ ಓಡಿ ಜನರಿರುವ ಕಡೆಗೆ ಸೇರುವುದು, ಇಷ್ಟೇ. ಇಷ್ಟು ಸಾಕು. ಈ ಶಸ್ತ್ರವನ್ನು ಯಾರೂ ಕಸಿಯಲಾರರು. ಇದನ್ನು ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಬೇಕಾಗಿಯೂ ಇಲ್ಲ.

ಆರೋಗ್ಯದ ದೃಷ್ಟಿಯಿಂದಲೂ ಈ ಖಾತೆಯಲ್ಲಿ ಲಾಭವೇ ಹೆಚ್ಚು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದೆ. ದಿನವಿಡೀ ಕುರ್ಚಿಯಲ್ಲಿ ಕುಳಿತು, ಉಳಿದ ಹೊತ್ತನ್ನು ಗಾಡಿಯಲ್ಲಿ ಕಳೆಯುವವರಿಗೆ ವಾರಕ್ಕೆ ಎರಡು ದಿನದ ಅಭ್ಯಾಸವೂ ಉಪಕಾರಿ. ರಕ್ತದೊತ್ತಡ, ಹೃದ್ರೋಗ, ಮೂಳೆಸವೆತ ಉಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ತೊಡಗಬೇಕು.

ಆದರೆ ಬರಿಗೈಯ ವಿದ್ಯೆಗೂ ಮಿತಿಯುಂಟೆಂಬುದನ್ನು ಮರೆಮಾಚುವುದು ಅಪ್ರಾಮಾಣಿಕವಾದೀತು. 2011ರ ಅಕ್ಟೋಬರಿನಲ್ಲಿ ಅಂಧೇರಿಯ ಅಂಬೋಲಿಯಲ್ಲಿ ಗೆಳತಿಯರನ್ನು ಚುಡಾಯಿಸಿದವರನ್ನು ತಡೆದ ಇಬ್ಬರು ತರುಣರು ಚೂರಿ ಇರಿತಕ್ಕೆ ಬಲಿಯಾದರು. ಸುತ್ತ ಜನರಿದ್ದರೂ ನೆರವಿಗೆ ಬರಲಿಲ್ಲ. ಮೂರು ವರ್ಷಗಳ ಮೊದಲು, 2008ರ ನವೆಂಬರಿನ ಆ ಕರಾಳ ರಾತ್ರಿ, ಗಿರಗಾಂವ್ ಚೌಪಾಟಿಯಲ್ಲಿ ಪೊಲೀಸ್ ಅಧಿಕಾರಿ ತುಕಾರಾಮ್ ಓಂಬಳೆ ಕಸಬನ ಬಂದೂಕಿನ ನಳಿಗೆಯನ್ನು ಬರಿಗೈಯಿಂದ ಹಿಡಿದು, ಗುಂಡುಗಳನ್ನು ತಮ್ಮ ಎದೆಯಲ್ಲಿ ತಾಳಿಕೊಂಡರು. ಸಂಗಡಿಗರು ಆ ಕ್ಷಣದಲ್ಲಿ ಮುನ್ನುಗ್ಗಿದುದರಿಂದಲೇ ಭಯೋತ್ಪಾದಕನು ಜೀವಂತ ಸೆರೆಸಿಕ್ಕನು. ಓಂಬಳೆಯವರದು ಕರ್ತವ್ಯಕ್ಕಾಗಿ ಮಾಡಿದ ಬಲಿದಾನ; ಸಾಮಾನ್ಯರಿಗೆ ಅದು ಅನುಕರಣೀಯವೆಂದು ಯಾರೂ ಹೇಳಲಾರರು. ಆದರೂ ಎರಡು ಪ್ರಸಂಗಗಳನ್ನು ಜತೆಯಲ್ಲಿಟ್ಟು ನೋಡಿದರೆ ತಿಳಿಯುವುದಿಷ್ಟು: ಧೈರ್ಯ ಎರಡು ಕಡೆಯೂ ಇತ್ತು, ಜತೆಗೂಡುವ ಕೈಗಳು ಒಂದು ಕಡೆ ಮಾತ್ರ ಇದ್ದವು.

ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ ಅವರನ್ನು ಮುಂಬಯಿ ಕನ್ನಡಿಗರು ಮರೆಯುವಂತಿಲ್ಲ. 1973ರ ನವೆಂಬರಿನಲ್ಲಿ ಅವರ ಮೇಲೆ ಎರಗಿದವನು ಕತ್ತಲ ಗಲ್ಲಿಯ ಅಪರಿಚಿತನಲ್ಲ, ಅದೇ ಆಸ್ಪತ್ರೆಯ ನೌಕರ. ಅರಿವಿಲ್ಲದ ಸ್ಥಿತಿಯಲ್ಲಿ ಅವರು 2015ರ ಮೇ 18ರವರೆಗೆ ಉಳಿದರು. ಸಹೋದ್ಯೋಗಿ ದಾದಿಯರು ತಲೆಮಾರುಗಳ ಕಾಲ ಮನೆಯ ಮಗಳಂತೆ ಅವರನ್ನು ನೋಡಿಕೊಂಡರು. ಹಿಂದಿನಿಂದ ಬಂದ ಅಂತಹ ಘಾತದ ಎದುರು ರಿವಾಲ್ವರಿಗೂ ಕರಾಟೆಗೂ ಎಷ್ಟು ಅವಕಾಶವಿತ್ತು? ದುಡಿಯುವ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಭದ್ರವಾದ ಕೋಣೆ, ಕೂಗಿದರೆ ಕೇಳುವ ದೂರದಲ್ಲಿ ಜನ, ಬೆದರಿಕೆಯ ದೂರನ್ನು ಹಗುರವಾಗಿ ಕಾಣದ ಮೇಲಧಿಕಾರಿ, ಇವೇ ಅಲ್ಲಿ ನಿಜವಾದ ರಕ್ಷಣೆ.

ಆದುದರಿಂದ ಎರಡರಲ್ಲಿ ಒಂದನ್ನು ಆರಿಸುವುದಾದರೆ ಬಂದೂಕಿಗಿಂತ ಬರಿಗೈಯೇ ಮೇಲು. ಆದರೆ ಒಂಟಿ ಕೈಗಿಂತ ಹಲವು ಕೈಗಳು ಮೇಲು. ಇಲ್ಲಿಯೇ ಕನ್ನಡ ಸಂಘಗಳ ಪಾತ್ರ ಮುಖ್ಯವಾಗುತ್ತದೆ. ನಾಟಕ, ಯಕ್ಷಗಾನ, ಸತ್ಕಾರ ಸಮಾರಂಭಗಳಿಗೆ ತೆರೆಯುವ ಸಭಾಗೃಹವನ್ನು ವಾರಕ್ಕೆರಡು ಗಂಟೆ ಈ ಶಿಕ್ಷಣಕ್ಕೂ ತೆರೆಯಬಹುದು. ಮಹಿಳೆಯರಿಗೆ ಮಹಿಳೆಯೇ ಕಲಿಸುವಂತೆ ಏರ್ಪಡಿಸಬಹುದು. ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಿ, ದಿನಕ್ಕೊಮ್ಮೆ ಅವರನ್ನು ಫೋನಿನಲ್ಲಿ ವಿಚಾರಿಸುವ ಹೊಣೆಯನ್ನು ತರುಣರಿಗೆ ವಹಿಸಬಹುದು. ತುರ್ತು ಕರೆಯ 112, ರೈಲುಗಾಡಿಯಲ್ಲಿ 139, ಈ ಎರಡು ಸಂಖ್ಯೆಗಳು ಮನೆಯ ಮಕ್ಕಳಿಗೂ ಬಾಯಿಪಾಠವಾಗಿರಲಿ. ಅಂಗಡಿ, ಹೋಟೆಲುಗಳವರು ದಿನದ ಹಣವನ್ನು ರಾತ್ರಿ ಚೀಲದಲ್ಲಿ ಹೊತ್ತು ನಡೆಯುವ ರೂಢಿಯನ್ನು ಬಿಡಲಿ. ಚೂರಿ ತೋರಿಸಿದವನಿಗೆ ಹಣವನ್ನು ಕೊಟ್ಟುಬಿಡುವುದು ಹೇಡಿತನವಲ್ಲ. ಹಣದ ನಷ್ಟವನ್ನು ಮುಂದಿನ ವರ್ಷದ ಲೆಕ್ಕದಲ್ಲಿ ತುಂಬಿಕೊಳ್ಳಬಹುದು, ಪ್ರಾಣದ ನಷ್ಟಕ್ಕೆ ಮುಂದಿನ ವರ್ಷವೆಂಬುದಿಲ್ಲ.

ಊರು ಬಿಟ್ಟು ಬಂದವರಿಗೆ ನೆರೆಯವನೇ ಬಂಧು. ಪಕ್ಕದ ಮನೆಯಲ್ಲಿ ಕೂಗು ಕೇಳಿದಾಗ ಕದ ಮುಚ್ಚದೆ ಕದ ತೆರೆಯುವ ನಾಲ್ಕು ಮನೆಗಳಿದ್ದರೆ, ಅಂತಹ ಮಜಲಿಗೆ ಕಾವಲುಗಾರನ ಕೋವಿಯ ಅವಶ್ಯಕತೆ ಬಹಳ ಮಟ್ಟಿಗೆ ತಪ್ಪೀತು.