ತಾನಾಗಿ ನಿಲ್ಲುವ ಸೆಳೆತ, ಕೀರ್ತಿ ಮಾತ್ರ ಪುಡಿಗೆ

ಜ್ವರ ಏರುತ್ತಿದ್ದಂತೆ ಮಗುವಿನ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿ, ಕೈಕಾಲು ಸೆಟೆದು ಅದುರತೊಡಗಿದರೆ ಹೆತ್ತವರ ಜೀವ ಬಾಯಿಗೆ ಬರುತ್ತದೆ. ಆ ಹೊತ್ತಿನಲ್ಲಿ ಯಾರು ಏನು ಕೊಟ್ಟರೂ ಕುಡಿಸಲು ಅವರು ಸಿದ್ಧ. ಚೀನಾದ ಪಾರಂಪರಿಕ ವೈದ್ಯದಲ್ಲಿ ಇದಕ್ಕೆ ದೊಡ್ಡ ಮದ್ದಿನ ಪೆಟ್ಟಿಗೆಯೇ ಇದೆ. ಕೊಕ್ಕೆಮುಳ್ಳಿನ ಗೌತೆಂಗ್ ಬಳ್ಳಿ, ಸೈಗಾ ಜಿಂಕೆಯ ಕೊಂಬು, ಒಣಗಿಸಿದ ಚೇಳು, ಗೋರೋಚನ. ಸೋಂಗ್ ಅರಸರ ಕಾಲದ ಮಕ್ಕಳ ವೈದ್ಯ ಚಿಯೆನ್ ಯಿ ಹೆಸರಿನಲ್ಲಿ 12ನೇ ಶತಮಾನದ ಆರಂಭದಲ್ಲೇ ಮಕ್ಕಳ ರೋಗಗಳ ಗ್ರಂಥ ಬಂದಿದೆ. ಒಮ್ಮೆ ಸೆಳೆತ ಕಂಡ ಮಗುವಿಗೆ ಇಂಥ ಮದ್ದು ಕೊಟ್ಟರೆ ಮತ್ತೆ ಬಾರದು ಎನ್ನುವುದು ಅದರ ಪರ ನಿಂತವರ ಮಾತು.

ಈ ಮಾತನ್ನು ಒಪ್ಪುವ ಮೊದಲು ಸ್ವಲ್ಪ ಲೆಕ್ಕ ಮಾಡಬೇಕು. 6 ತಿಂಗಳಿಂದ 5 ವರ್ಷದೊಳಗಿನ 100 ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಜ್ವರದ ಸೆಳೆತ ಬರುತ್ತದೆ. ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ತಾವಾಗಿ ನಿಲ್ಲುತ್ತವೆ. ಒಮ್ಮೆ ಬಂದವರಲ್ಲಿ ಮತ್ತೆ ಬರುವುದು ಸುಮಾರು ಮೂವರಲ್ಲಿ ಒಬ್ಬರಿಗೆ. ಉಳಿದಿಬ್ಬರಿಗೆ ರಾಗಿಹಿಟ್ಟನ್ನು ಪೊಟ್ಟಣ ಕಟ್ಟಿ ಕೊಟ್ಟರೂ ಅದು ರಾಮಬಾಣವೇ! ವಯಸ್ಸು ಐದು ದಾಟಿದ ಮೇಲಂತೂ ಆ ಮೂರನೆಯ ಮಗುವೂ ಸಾಮಾನ್ಯವಾಗಿ ಇದರಿಂದ ಪಾರಾಗುತ್ತದೆ. ನೆರೆಮನೆಯವರ ಅನುಭವ, ಅಜ್ಜನ ಕಾಲದ ನಂಬಿಕೆ, ವೈದ್ಯನ ಕೈಗುಣ ಎಲ್ಲವೂ ಬೆಳೆಯುವುದು ಈ ನೆಲದಲ್ಲಿ. ಮದ್ದು ಪಡೆದ ಮಕ್ಕಳನ್ನು, ನೋಡಲು ಅದರಂತೆಯೇ ಇರುವ ಹುಸಿಮದ್ದು ಪಡೆದ ಮಕ್ಕಳ ಜೊತೆ ಹೋಲಿಸದೆ ಇಲ್ಲಿ ಏನನ್ನೂ ಹೇಳಲು ಬಾರದು.

ಇದು ಚೀನಾ ವೈದ್ಯದ ಮೇಲಿನ ಹಗೆತನವಲ್ಲ. ಆಧುನಿಕ ವೈದ್ಯವೂ ಇದೇ ಹಳ್ಳಕ್ಕೆ ಬಿದ್ದಿತ್ತು. ಸೆಳೆತ ಮರುಕಳಿಸದಿರಲೆಂದು ಪುಟ್ಟ ಮಕ್ಕಳಿಗೆ ವರ್ಷಗಟ್ಟಲೆ ಫಿನೋಬಾರ್ಬಿಟಾಲ್ ಕುಡಿಸುವ ಪದ್ಧತಿ ದಶಕಗಳ ಕಾಲ ನಡೆಯಿತು. 1990ರಲ್ಲಿ ಅಮೆರಿಕದಲ್ಲಿ ಹುಸಿಮದ್ದಿನ ಜೊತೆ ಹೋಲಿಸಿ ನೋಡಿದಾಗ ಸೆಳೆತ ಕಡಿಮೆಯಾಗಿರಲಿಲ್ಲ, ಮಕ್ಕಳ ಬುದ್ಧಿಸೂಚ್ಯಂಕ ಕಡಿಮೆಯಾಗಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2008ರಲ್ಲಿ, ಸರಳ ಜ್ವರ ಸೆಳೆತಕ್ಕೆ ತಡೆಮದ್ದು ಬೇಡವೇ ಬೇಡ ಎಂದಿತು. ತನ್ನದೇ ಮದ್ದನ್ನು ತಾನೇ ಪರೀಕ್ಷಿಸಿ ಕೈಬಿಡುವ ಈ ಧೈರ್ಯವನ್ನು ಗೌತೆಂಗ್ ಪರವಾಗಿ ಮಾತನಾಡುವವರಿಂದಲೂ ಕೇಳುವುದು ನ್ಯಾಯ. ಆ ಬಳ್ಳಿಯ ಸಾರ ಪ್ರಯೋಗಾಲಯದ ಇಲಿಗಳಲ್ಲಿ ಸೆಳೆತ ತಗ್ಗಿಸಿದ್ದುಂಟು. ಪರೀಕ್ಷೆಗೆ ಅದು ಖಂಡಿತ ಯೋಗ್ಯ. ಆದರೆ ಪರೀಕ್ಷೆ ಎಂಥದ್ದಿರಬೇಕು? ಅದೇ ಪರಂಪರೆಯ ಅಕ್ಯುಪಂಕ್ಚರ್ ಕುರಿತ ಪ್ರಯೋಗಗಳನ್ನು 1998ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಚೀನಾದಿಂದ ಬಂದವು ಒಂದೂ ಬಿಡದೆ ಗೆದ್ದಿದ್ದವು. ಸೋಲೇ ಕಾಣದ ಪರೀಕ್ಷೆಯನ್ನು ಯಾವ ಮೇಷ್ಟ್ರೂ ನಂಬುವುದಿಲ್ಲ.

ಮದ್ದಿನಿಂದ ಉಪಯೋಗವಾಗದಿದ್ದರೆ ಹೋಗಲಿ, ಅಪಾಯವಾದರೆ? ಜ್ವರ ತಲೆಗೇರಿದಾಗ ಕೊಡುವ ಪ್ರಸಿದ್ಧ ಅನ್‌ಗೋಂಗ್ ನ್ಯೂಹುವಾಂಗ್ ಗುಳಿಗೆಯ ಮೂಲ ಪಾಕದಲ್ಲಿ ಪಾದರಸದ ಖನಿಜ ಹಿಂಗುಲವೂ ಆರ್ಸೆನಿಕ್‌ನ ಖನಿಜವೂ ಇವೆ. ಹಿಂಗುಲ ವಿಷಕಾರಿ ಎಂದು ಚೀನಾದ ಅಧಿಕೃತ ಔಷಧ ಸಂಹಿತೆಯೇ ಹೇಳುತ್ತದೆ. ತಾನಾಗಿ ನಿಲ್ಲುವ, ಮೆದುಳಿಗೆ ಸಾಮಾನ್ಯವಾಗಿ ಹಾನಿ ಮಾಡದ ಸೆಳೆತವನ್ನು ತಡೆಯಲು, ಬೆಳೆಯುವ ಮೆದುಳಿಗೆ ಪಾದರಸ ಉಣಿಸುವುದನ್ನು ಯಾವ ಪರಂಪರೆಯ ಹೆಸರಿನಲ್ಲೂ ಸಮರ್ಥಿಸಲಾಗದು. ನಮ್ಮ ಆಯುರ್ವೇದದ ರಸಸಿಂಧೂರವೂ ರಾಸಾಯನಿಕವಾಗಿ ಹಿಂಗುಲದಂತೆಯೇ ಪಾದರಸ, ಗಂಧಕಗಳ ಸಂಯುಕ್ತ. ಹಾಗಾಗಿ ಚೀನಾದತ್ತ ಬೆರಳು ತೋರಿಸಿ ನಾವು ಸುಮ್ಮನಾಗುವಂತಿಲ್ಲ.

ಹೆತ್ತವರಿಗೆ ಇಷ್ಟು: ಸೆಳೆತ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚೆಯಾಗಲಿ ನೀರಾಗಲಿ ಮದ್ದಾಗಲಿ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲ ಸಲ ಬಂದದ್ದಾದರೆ, ಎಷ್ಟೇ ಬೇಗ ನಿಂತಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಿ. ಮೆದುಳಿನ ಪೊರೆಯ ಸೋಂಕೂ ಜ್ವರ, ಸೆಳೆತಗಳ ರೂಪದಲ್ಲೇ ಕಾಣಿಸಿಕೊಳ್ಳಬಹುದು.