ಟೆಂಟ್ ಹಾಕೋರಿಗೆ ಗುಂಡುತೋಪು ಕೊಡೋಣ

ಹೋದ ವರ್ಷ ಒಂದು ಶನಿವಾರ ರಾತ್ರಿ ಪಾಂಡವಪುರದ ಕಡೆಯಿಂದ ತಡವಾಗಿ ಊರಿಗೆ ಹೊರಟಿದ್ದೆವು. ಊರೆಲ್ಲ ಮಲಗಿತ್ತು. ಕುಂತಿಬೆಟ್ಟದ ದಾರಿ ಮಾತ್ರ ಎದ್ದಿತ್ತು. ಸಾಲಾಗಿ ನಿಂತ ಟೆಂಪೋ ಟ್ರಾವೆಲರ್‌ಗಳು, ಬೈಕುಗಳು, ಹಣೆಗೆ ಟಾರ್ಚು ಕಟ್ಟಿಕೊಂಡ ಹುಡುಗ ಹುಡುಗಿಯರು. ನೈಟ್ ಟ್ರೆಕ್ ಅಂತೆ. ರಾತ್ರಿಯೆಲ್ಲ ಬಂಡೆ ಹತ್ತಿ, ಮೇಲೆ ಕೂತು ಸೂರ್ಯ ಹುಟ್ಟುವುದನ್ನು ನೋಡಿ ಬೆಂಗಳೂರಿಗೆ ವಾಪಸ್ ಹೋಗುವುದು.

ಕಬ್ಬಿಗೆ ನೀರು ಕಟ್ಟಲು ಬಂದಿದ್ದ ಒಬ್ಬ ಅಜ್ಜ ರಸ್ತೆ ಬದಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. "ಮನೆ ಮಠ ಇಲ್ವೇನವ್ವಾ ಇವ್ಕೆ?" ಅಂದರು. ನನಗೆ ನಗು ಬಂತು. ಆದರೆ ಆಮೇಲೆ ಮನಸ್ಸಿನಲ್ಲಿ ಉಳಿದದ್ದು ಬೇರೆ ಮಾತು. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನು ಒಂದು ರಾತ್ರಿಯನ್ನೂ ಬೆಟ್ಟದ ಹತ್ತಿರ ಕಳೆದಿಲ್ಲ. ಎಲ್ಲಿಂದಲೋ ಬಂದ ನನ್ನ ವಯಸ್ಸಿನ ಹೆಣ್ಣುಮಕ್ಕಳು ನಗುತ್ತಾ ಹತ್ತಿ ಹೋಗುತ್ತಿದ್ದರು. ನನಗೆ ಮನೆಯಿಂದ ಮೂರು ಸಲ ಫೋನ್ ಬಂದಿತ್ತು.

ಕ್ಯಾಂಪಿಂಗ್ ಅನ್ನುವುದು ಪೇಟೆಯವರ ಶೋಕಿ, ನಮ್ಮದಲ್ಲ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಬ್ರಿಟಿಷರ ಕಾಲದ ಕಾಗದಪತ್ರಗಳಲ್ಲಿ ಅದೇ ಊರು ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸಿಪಾಯಿಗಳು ಈ ಬಂಡೆಗಳ ಬುಡದಲ್ಲಿ ಬೀಡು ಬಿಟ್ಟಿದ್ದಕ್ಕೆ ಬಂದ ಹೆಸರು ಅದು. ಪಾಂಡವರು ತಾಯಿಯ ಜೊತೆ ವನವಾಸದಲ್ಲಿ ಇಲ್ಲಿ ಇದ್ದು ಹೋದರು ಅನ್ನುವ ಕಥೆ ಕುಂತಿಬೆಟ್ಟದ್ದು. ಒಟ್ಟಿನಲ್ಲಿ ಈ ಊರಿನ ಎರಡು ಹೆಸರೂ ಬಿಡಾರ ಹೂಡಿದವರಿಂದಲೇ ಬಂದದ್ದು.

ದಂಡು, ಪುರಾಣ ಬಿಡಿ. ನಮ್ಮ ರೈತರೇ ದನಗಳ ಜಾತ್ರೆಗೆ ಹೋದಾಗ ಏನು ಮಾಡುತ್ತಾರೆ? ಶಿವರಾತ್ರಿ ಹೊತ್ತಿಗೆ ಬೇಬಿಬೆಟ್ಟದ ಜಾತ್ರೆ, ರಥಸಪ್ತಮಿ ಆಸುಪಾಸಿಗೆ ಕೆ.ಆರ್. ಪೇಟೆ ಕಡೆ ಹೇಮಗಿರಿ ಜಾತ್ರೆ. ಹಳ್ಳಿಕಾರ್ ಹೋರಿಗಳನ್ನು ಹೊಡೆದುಕೊಂಡು ಹೋದವರು ದಿನಗಟ್ಟಲೆ ಅಲ್ಲೇ ಇರುತ್ತಾರೆ. ಮೇಲೆ ತೆಂಗಿನ ಗರಿ ಚಪ್ಪರ, ಕೆಳಗೆ ಹುಲ್ಲಿನ ಹಾಸಿಗೆ, ಮೂರು ಕಲ್ಲಿನ ಒಲೆ, ಮುದ್ದೆ, ಅವರೆಕಾಯಿ ಸಾರು. ಚಿಕ್ಕವಳಿದ್ದಾಗ ತಾತನ ಜೊತೆ ಒಂದು ಜಾತ್ರೆಯಲ್ಲಿ ಎರಡು ರಾತ್ರಿ ಹಾಗೆ ಮಲಗಿದ್ದೆ. ಎತ್ತಿನ ಕೊರಳ ಗಂಟೆ ಸದ್ದು, ಹುಲ್ಲಿನ ವಾಸನೆ ಇನ್ನೂ ನೆನಪಿದೆ. ಮಾರನೇ ವರ್ಷ ಅವ್ವ ಕಳಿಸಲಿಲ್ಲ. "ದೊಡ್ಡೋಳಾದೆ, ಹೊತ್ತು ಮುಳುಗೋದ್ರೊಳಗೆ ಮನೆಲಿರು." ನನ್ನ ಕ್ಯಾಂಪಿಂಗ್ ಅಲ್ಲಿಗೆ ಮುಗಿಯಿತು. ಆಮೇಲೆ ಸಿಕ್ಕಿದ್ದು ಕಾಲೇಜಿನ ಎನ್‌ಎಸ್‌ಎಸ್ ಶಿಬಿರ. ಅಲ್ಲೂ ಮಲಗಿದ್ದು ಶಾಲೆ ಕೊಠಡಿಯಲ್ಲಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ.

ಈಗ ಪೇಟೆಯವರು ಬರುತ್ತಿದ್ದಾರೆ, ಇನ್ನೂ ಬರುತ್ತಾರೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಶ್ರೀರಂಗಪಟ್ಟಣ ಬೆಂಗಳೂರಿನ ಪಕ್ಕದ ಬೀದಿ ಆಗಿಬಿಟ್ಟಿದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಮೇಲೆ ಹಾಸನದ ಹೆದ್ದಾರಿ ಹಾದುಹೋಗುತ್ತದೆ. ಬರುವವರು ತಪ್ಪು ಮಾಡುತ್ತಿದ್ದಾರೆ ಅಂತಲ್ಲ. ಬಂದವರಿಗೆ ಇಲ್ಲಿ ಇಳಿಯಿರಿ, ಇಲ್ಲಿ ಬೇಡ ಅಂತ ಹೇಳುವವರು ಯಾರೂ ಇಲ್ಲ. ಹಾಗಾಗಿ ಚೆನ್ನಾಗಿ ಕಂಡ ಕಡೆ ಟೆಂಟ್ ಬಿಚ್ಚುತ್ತಾರೆ.

ಚೆನ್ನಾಗಿ ಕಾಣುವ ಜಾಗಗಳೇ ನಮ್ಮಲ್ಲಿ ಅಪಾಯದ ಜಾಗಗಳು. ಮೇಲುಕೋಟೆ ಸುತ್ತಲಿನ ಕುರುಚಲು ಕಾಡು 1974ರಲ್ಲೇ ವನ್ಯಜೀವಿಧಾಮವಾದದ್ದು, ಅದೂ ಮುಖ್ಯವಾಗಿ ತೋಳಗಳಿಗಾಗಿ. ಅನುಮತಿ ಇಲ್ಲದೆ ಒಳಗೆ ಉಳಿಯುವುದು, ಬೆಂಕಿ ಹಾಕುವುದು ಅಪರಾಧ. ಬೇಸಿಗೆಯಲ್ಲಿ ಒಂದು ಕ್ಯಾಂಪ್‌ಫೈರ್ ಕಿಡಿ ಸಾಕು, ಬೋದೆಹುಲ್ಲು ಇಡೀ ಗುಡ್ಡವನ್ನು ತಿನ್ನುತ್ತದೆ. ಆದಿಚುಂಚನಗಿರಿಯ ನವಿಲುಧಾಮ ಒಂದು ಚದರ ಕಿಲೋಮೀಟರೂ ಇಲ್ಲ. ಅಲ್ಲಿ ರಾತ್ರಿ ಸ್ಪೀಕರ್ ಹಾಕಿದರೆ ನವಿಲು ಹೋಗುವುದೆಲ್ಲಿಗೆ? ಬಲಮುರಿ, ಎಡಮುರಿ, ಸಂಗಮ, ತೊಣ್ಣೂರು ಕೆರೆಯ ಕಥೆ ಇನ್ನೂ ಕೆಟ್ಟದ್ದು. ಮೊಣಕಾಲುದ್ದ ಅಂತ ಕಾಣುವ ನೀರಿನಲ್ಲಿ ಒಂದು ಹೆಜ್ಜೆ ಆಚೆ ಗುಂಡಿ. ಬೇಸಿಗೆ ರಜೆ ಬಂತೆಂದರೆ ಈಜಲು ಹೋದವರು ನೀರುಪಾಲು ಅನ್ನುವ ಸುದ್ದಿ ಬರೆಯುವುದು ನಮ್ಮ ಜಿಲ್ಲೆಯ ವರದಿಗಾರರಿಗೆ ಅಭ್ಯಾಸ ಆಗಿಹೋಗಿದೆ. ಅಭ್ಯಾಸ ಆಗಬಾರದ ಕೆಲಸ ಅದು.

ಬಂಡೆ ಬುಡದ ಹೊಲದವರದ್ದು ಇನ್ನೊಂದು ಕಷ್ಟ. ಬಾಟಲಿ ಚೂರು. ಒಡೆದ ಗಾಜು ಮಳೆ ನೀರಿನ ಜೊತೆ ಇಳಿದು ಗದ್ದೆಗೆ ಬರುತ್ತದೆ. ನಾಟಿ ಹಾಕುವವರು ಚಪ್ಪಲಿ ಹಾಕಿಕೊಂಡು ಕೆಸರಿಗೆ ಇಳಿಯುವುದಿಲ್ಲ. ಆಸ್ಪತ್ರೆ ಖರ್ಚು, ತಪ್ಪಿದ ಕೂಲಿ ಎಲ್ಲಾ ಅವರ ತಲೆ ಮೇಲೆ. ಟ್ರೆಕ್‌ಗೆ ದುಡ್ಡು ಕಟ್ಟಿಸಿಕೊಂಡವರು ಅಷ್ಟು ಹೊತ್ತಿಗೆ ಬೇರೆ ಬೆಟ್ಟಕ್ಕೆ ಬುಕಿಂಗ್ ತೆಗೆದುಕೊಳ್ಳುತ್ತಿರುತ್ತಾರೆ.

ಹಾಗಾದರೆ ನಿಷೇಧಿಸಿಬಿಡಿ ಅನ್ನುತ್ತಾರೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದಾಗ ಸರ್ಕಾರ ಮೊದಲು ಮಾಡಿದ್ದೂ ಅದನ್ನೇ. ಆಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನುವ ಲೆಕ್ಕ ಬಂತು. ಅರಣ್ಯ ಇಲಾಖೆಯ ದೊಡ್ಡ ದಾರಿಗಳಿಗೆ ಅದು ಸರಿ. ನಮ್ಮ ಸೀಮೆಯ ಬೆಟ್ಟಗಳಿಗೆ ಹತ್ತು ಕಡೆಯಿಂದ ಕಾಲುದಾರಿ, ಸುತ್ತ ಹೊಲ, ಮಧ್ಯೆ ದೇವಸ್ಥಾನ. ಯಾವ ಗಾರ್ಡ್ ಎಲ್ಲಿ ಅಂತ ಕಾಯುತ್ತಾನೆ? ಬೋರ್ಡ್ ಇದ್ದೂ ಕಾಯುವವರಿಲ್ಲದ ನಿಷೇಧ ಅಂದರೆ ಕತ್ತಲಲ್ಲಿ ಕದ್ದು ಹತ್ತಿ ಅಂದ ಹಾಗೆ. ಕದ್ದು ಹೋದವನು ಕಾಲು ಮುರಿದುಕೊಂಡರೆ ಫೋನ್ ಮಾಡಲೂ ಹೆದರುತ್ತಾನೆ.

ನಾನು ಹೇಳುವುದು ಇಷ್ಟು. ಅವರಿಗೆ ಒಂದು ಜಾಗ ಕೊಡಿ. ಆ ಜಾಗ ನಮ್ಮಲ್ಲಿ ಮೊದಲೇ ಇದೆ, ಅದರ ಹೆಸರು ಗುಂಡುತೋಪು.

ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳ ಹೊರಗೆ ಗುಂಡುತೋಪು ಇತ್ತು. ಮಾವು, ಹಿಪ್ಪೆ, ನೇರಳೆ, ಹುಣಸೆ, ಹೊಂಗೆ. ಪಕ್ಕದಲ್ಲಿ ಕೆರೆಯೋ ಕಟ್ಟೆಯೋ ಬಾವಿಯೋ. ದಾರಿಹೋಕರು ಗಾಡಿ ಬಿಟ್ಟು, ಎತ್ತಿಗೆ ನೀರು ಕುಡಿಸಿ, ಅಡುಗೆ ಮಾಡಿಕೊಂಡು ಉಂಡು, ಮಲಗಿ ಎದ್ದು ಹೋಗಲಿ ಅಂತಲೇ ಬೆಳೆಸಿದ ತೋಪುಗಳು. ವೈರಮುಡಿಗೆ ನಡೆದು ಬರುತ್ತಿದ್ದವರು, ಸಂತೆಗೆ ಹೋಗುತ್ತಿದ್ದವರು, ಹರಕೆ ಹೊತ್ತವರು ಯಾರೂ ಬೆಟ್ಟದ ನೆತ್ತಿಯಲ್ಲಿ ಮಲಗುತ್ತಿರಲಿಲ್ಲ. ತೋಪಿನಲ್ಲಿ ಮಲಗಿ ಬೆಳಗಿನ ಜಾವ ಎದ್ದು ಹತ್ತುತ್ತಿದ್ದರು. ಇವತ್ತಿಗೂ ಪಹಣಿಯಲ್ಲಿ ಸರ್ಕಾರಿ ಗುಂಡುತೋಪು ಅಂತ ಇರುತ್ತದೆ. ಹೋಗಿ ನೋಡಿದರೆ ಎಷ್ಟೋ ಕಡೆ ಒತ್ತುವರಿ, ಉಳಿದ ಕಡೆ ತಿಪ್ಪೆ ಮತ್ತು ನಾಲ್ಕು ಮರ.

ದೇವಲಾಪುರ, ಮೇಲುಕೋಟೆ, ಪಾಂಡವಪುರ, ಕೆ.ಆರ್. ಪೇಟೆ ಕಡೆ ಬೆಟ್ಟಕ್ಕೆ ಹತ್ತಿರ ಇದ್ದು ವನ್ಯಜೀವಿಧಾಮಕ್ಕೆ ಹೊರಗಿರುವ ಐದಾರು ಗುಂಡುತೋಪು ಆರಿಸಿ ಅಳತೆ ಮಾಡಿಸಲಿ. ಒತ್ತುವರಿ ತೆರವು ಮಾಡಿ, ಸುತ್ತ ಬೇಲಿ, ಒಂದು ಬೋರ್‌ವೆಲ್, ಹೆಂಗಸರಿಗೆ ಗಂಡಸರಿಗೆ ಬೇರೆ ಬೇರೆ ಶೌಚಾಲಯ, ರಾತ್ರಿ ಕಾವಲಿಗೆ ಊರಿನವರೇ ಇಬ್ಬರು. ಗಿಡ ನೆಡುವ ಕೆಲಸ ಉದ್ಯೋಗ ಖಾತ್ರಿಯಲ್ಲಿ ಆಗಲಿ. ಟೆಂಟಿಗೆ ಇಷ್ಟು ಅಂತ ಪಂಚಾಯಿತಿ ರಸೀತಿ ಹರಿಯಲಿ. ಸಂತೆ ಸುಂಕ ಎತ್ತಲು ಬರುವ ಪಂಚಾಯಿತಿಗೆ ಟೆಂಟಿನ ಬಾಡಿಗೆ ಎತ್ತಲು ಬರುವುದಿಲ್ಲವೇ? ಊಟ ಸ್ತ್ರೀಶಕ್ತಿ ಸಂಘದವರು ಮಾಡಲಿ. ಗಾಜಿನ ಬಾಟಲಿ, ಸ್ಪೀಕರ್ ಗೇಟಿನಲ್ಲೇ ಇಟ್ಟು ಒಳಗೆ ಹೋಗಲಿ. ಬೆಟ್ಟ ಹತ್ತುವುದು ಬೆಳಕು ಹರಿಯುವ ಹೊತ್ತಿಗೆ, ದಾರಿ ಗೊತ್ತಿರುವ ಊರ ಹುಡುಗನ ಜೊತೆ.

ಅದು ಕುಡುಕರ ಅಡ್ಡೆ ಆಗುತ್ತದೆ ಅಂತ ಹೇಳುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ ತಿಪ್ಪೆಯಾದ ತೋಪುಗಳಲ್ಲಿ ಈಗ ಸಂಜೆ ಹೊತ್ತು ಯಾರು ಕೂತಿರುತ್ತಾರೆ, ಹೋಗಿ ನೋಡಿ ಬನ್ನಿ. ಲೈಟು, ಕಾವಲು, ರಸೀತಿ, ಅಡುಗೆ ಮಾಡುವ ಹೆಂಗಸರು ಇರುವ ಜಾಗ ಅಡ್ಡೆ ಆಗುವುದು ಕಷ್ಟ. ಊರು ಕಾದರೆ ಉಳಿಯುತ್ತದೆ ಅನ್ನುವುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಮನೆ ಹಿತ್ತಲ ಹುಣಸೆ ಮರಗಳಲ್ಲಿ. ಊರಿನವರೇ ಕಾಯುತ್ತಾ ಬಂದದ್ದಕ್ಕೆ 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆ ಆಯಿತು. ಹಕ್ಕಿಯನ್ನು ಕಾಯಬಲ್ಲ ಹಳ್ಳಿ ಒಂದು ತೋಪನ್ನು ಕಾಯಲಾರದೇ?

ಇಷ್ಟು ಹೊತ್ತು ಬರುವವರ ಮಾತಾಡಿದೆ. ನನಗೆ ಮುಖ್ಯ ಇರುವವರ ಮಾತು. ನಮ್ಮ ಜಿಲ್ಲೆಯಲ್ಲಿ ಕಾವೇರಿ ದಡದ ಭೀಮೇಶ್ವರಿಯಲ್ಲಿ ಸರ್ಕಾರದ್ದೇ ಜಂಗಲ್ ಲಾಡ್ಜಸ್‌ನವರ ಕ್ಯಾಂಪ್ ಇದೆ. ಒಳ್ಳೆಯ ಜಾಗ. ಆದರೆ ದೇವಲಾಪುರದ ಒಂದು ಸರ್ಕಾರಿ ಶಾಲೆಯ ಮಕ್ಕಳು ಅಲ್ಲಿ ಒಂದು ರಾತ್ರಿ ಇರುವ ಲೆಕ್ಕ ಹಾಕಿ ನೋಡಿ, ಹಾಕುವಾಗಲೇ ಪುಸ್ತಕ ಮುಚ್ಚಿಡುತ್ತೀರಿ. ಅದಕ್ಕೇ ನನ್ನ ಶರತ್ತು ಒಂದೇ. ಈ ತೋಪುಗಳಲ್ಲಿ ತಿಂಗಳಿಗೆ ಒಂದು ಶನಿವಾರ ಹೊರಗಿನವರಿಗೆ ಇಲ್ಲ. ಅವತ್ತು ಹೋಬಳಿಯ ಶಾಲೆಗಳ ಸರದಿ, ದುಡ್ಡಿಲ್ಲದೆ. ಮೇಡಂಗಳ ಜೊತೆ ಹೆಣ್ಣುಮಕ್ಕಳು ಬರಲಿ. ನಕ್ಷತ್ರ ನೋಡಲಿ, ಗೂಬೆ ಕೂಗು ಕೇಳಲಿ, ಬೆಳಿಗ್ಗೆ ಬೆಟ್ಟ ಹತ್ತಿ ತಮ್ಮ ಊರು ಎಷ್ಟು ದೊಡ್ಡದು ಅಂತ ಮೇಲಿನಿಂದ ನೋಡಲಿ.

ತಾನು ಹತ್ತಿದ ಬೆಟ್ಟವನ್ನು ಯಾರೋ ಗಣಿಗೆ ಕೇಳಿದಾಗ ಗ್ರಾಮಸಭೆಯಲ್ಲಿ ಎದ್ದು ನಿಲ್ಲುವವಳು ಅಂಥ ಹುಡುಗಿಯೇ. ಹತ್ತದ ಬೆಟ್ಟ ಬರೀ ಕಲ್ಲು. ಬೇಬಿಬೆಟ್ಟದ ಸುತ್ತ ಕಲ್ಲು ಸಿಡಿಸಿದ ಸದ್ದು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ಚರಂಡಿ, ಬೀದಿ ದೀಪದ ಜೊತೆ ಇನ್ನೊಂದು ಪ್ರಶ್ನೆ ಕೇಳಿ: ನಮ್ಮೂರ ಗುಂಡುತೋಪು ಎಷ್ಟು ಎಕರೆ, ಈಗ ಎಷ್ಟು ಉಳಿದಿದೆ? ಪಿಡಿಒ ಅವರಿಗೆ ಪಹಣಿ ತೆಗೆಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನಾನು ನಮ್ಮೂರಿನಲ್ಲಿ ಕೇಳುತ್ತೇನೆ. ಅವತ್ತು ಅವ್ವನನ್ನೂ ಕರೆದುಕೊಂಡು ಹೋಗಬೇಕು ಅಂತಿದ್ದೇನೆ.